‘ಹೊಯ್ಗೆ ಸರಿತ’ ಅಂದರೆ ಅರ್ಥವಾದೀತೇ?

ಎಲ್ಲರಿಗೂ ನಮಸ್ಕಾರ.

ಕಾರವಾರದ ಕಡಲತೀರದಲ್ಲಿ ಹೈಸ್ಕೂಲು ಮಕ್ಕಳನ್ನು ನಡೆಸಿ ತೋರಿಸಲೆಂದು ಎರಡು ಪುಟದ ಬರಹ ಮಾಡುತ್ತಿದ್ದೇನೆ. ಒಂದು ಪದದ ಹತ್ತಿರ ಸಿಕ್ಕಿಬಿದ್ದಿದ್ದೇನೆ: ಲಾಂಗ್‌ಶೋರ್ ಡ್ರಿಫ್ಟ್, ಅಂದರೆ ಹೊಯ್ಗೆ (ಮರಳು) ದಡದುದ್ದ ಪಕ್ಕಕ್ಕೆ ಸರಿಯುತ್ತ ಹೋಗುವುದು. ಇದಕ್ಕೊಂದು ಕನ್ನಡ ಪದ ಬೇಕು.

ಸಂಗತಿ ಹೀಗೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಅದು ದಡಕ್ಕೆ ತುಸು ಓರೆಯಾಗಿ ಬಂದಿದ್ದರೆ ಒಡೆದ ನೊರೆನೀರೂ ಹೊಯ್ಗೆ ಹೊತ್ತು ಓರೆಯಾಗಿಯೇ ಮೇಲೇರುತ್ತದೆ. ಇಳಿಯುವಾಗ ಮಾತ್ರ ಇಳಿಜಾರು ಹಿಡಿದು ನೆಟ್ಟಗೆ ಕೆಳಗೆ. ಹೀಗೆ ಹತ್ತಿ ಇಳಿದು, ಹತ್ತಿ ಇಳಿದು, ಕಣಗಳು ಗರಗಸದ ಹಲ್ಲಿನ ಹಾಗೆ ದಡದುದ್ದ ಸಾಗುತ್ತವೆ. ಅಲೆ ಒಡೆಯುವ ಪಟ್ಟಿಯೊಳಗೆ ದಡದ ಗುಂಟ ಒಂದು ಹರಿವೂ ಹುಟ್ಟುತ್ತದೆ. ಚಪ್ಪಲಿ ಬಿಟ್ಟಲ್ಲೇ ನೀರಿಗಿಳಿದು, ಅರ್ಧ ತಾಸು ಆಡಿ ಎದ್ದಾಗ ಚಪ್ಪಲಿ ಎಲ್ಲೋ ದೂರ ಕಾಣುತ್ತದಲ್ಲ, ಅದು ಈ ಹರಿವಿನದೇ ಕೆಲಸ.

ನಮ್ಮಲ್ಲಿ ಬಳಕೆಯಲ್ಲಿರುವ ಮಾತು ‘ಕಡಲಕೊರೆತ’. ಅದರಲ್ಲಿ ಹೋದದ್ದು ಕಾಣುತ್ತದೆ, ಹೋಗಿ ಎಲ್ಲಿ ಕೂತಿತು ಎಂಬುದು ಕಾಣುವುದಿಲ್ಲ. ಕಾಳಿ ಅಳಿವೆಯ ಪಕ್ಕದ ದೇವಬಾಗದಂಥ ಮರಳಿನ ನಾಲಿಗೆಗಳು ಬೆಳೆಯುವುದು ಸರಿದು ಬಂದ ಹೊಯ್ಗೆಯಿಂದಲೇ. ಕಡಲಿಗೆ ಅಡ್ಡ ಕಲ್ಲಿನ ದಿಂಡು ಹಾಕಿದರೆ ಒಂದು ಬದಿಗೆ ಹೊಯ್ಗೆ ತುಂಬುತ್ತದೆ, ಇನ್ನೊಂದು ಬದಿಯ ದಡ ಬರಿದಾಗುತ್ತದೆ. ಕೊರೆತ ಎಂದಷ್ಟೇ ಹೇಳಿಕೊಟ್ಟರೆ ಮಕ್ಕಳಿಗೆ ಇದು ಹೇಗೆ ಹೊಳೆಯಬೇಕು?

ಮೊದಲು ‘ತೀರಾನುವರ್ತಿ ಅವಸಾದ ಸಾಗಣೆ’ ಎಂದು ಬರೆದಿದ್ದೆ. ಓದಿದ ಪಕ್ಕದ ಮನೆಯವರು, “ಅವಸಾದ ಅಂದ್ರೆ ಬೇಜಾರಲ್ವಾ? ಕಡಲಿಗೇನು ಬೇಜಾರು?” ಎಂದರು. ಅಲ್ಲಿಗೆ ಅದನ್ನು ಬಿಟ್ಟೆ.

ಈಗ ‘ಸರಿ’ ಧಾತುವಿನ ಮೇಲೆ ಕಣ್ಣಿದೆ. ಬಸ್ಸಿನಲ್ಲಿ “ಸ್ವಲ್ಪ ಸರೀರಿ” ಅಂದರೆ ಯಾರೂ ಎದ್ದು ಹೋಗುವುದಿಲ್ಲ, ಪಕ್ಕಕ್ಕೆ ಜರುಗುತ್ತಾರೆ. ಹೊಯ್ಗೆ ಮಾಡುವುದೂ ಅದನ್ನೇ. ಕೊರೆ–ಕೊರೆತ, ಇಳಿ–ಇಳಿತ, ಸೆಳೆ–ಸೆಳೆತ ಇದ್ದ ಹಾಗೆ ಸರಿ–ಸರಿತ. ಹುಡುಗಿಯರ ಹೆಸರು ನೆನಪಾಗುತ್ತದೆ ಎಂಬ ತಕರಾರು ಮನೆಯಲ್ಲೇ ಬಂದಿದೆ! ಮಳೆಗಾಲದಲ್ಲಿ ದಡದ ಹೊಯ್ಗೆ ಕಡಲೊಳಗೆ ಹೋಗಿ, ಅಲೆ ತಣಿದ ಮೇಲೆ ತಿರುಗಿ ಬರುವುದನ್ನು ಈ ಪದಕ್ಕೆ ಸೇರಿಸಬಾರದು. ಅದು ಹೋಗಿಬರುವ ಆಟ, ಪಕ್ಕಕ್ಕೆ ಸರಿಯುವುದಲ್ಲ.

ಹಿಂದಕ್ಕೆ ಇಳಿಯುವ ನೀರಿಗೆ ‘ಮರಳಲೆ’ ಎಂದು ಖುಷಿಯಾಗಿ ಬರೆದುಕೊಂಡಿದ್ದೆ. ಓದಿದವರೆಲ್ಲ ಮರಳಿನ ಅಲೆ ಎಂದುಕೊಂಡರು. ‘ಏರುನೀರು, ಇಳಿನೀರು’ ಎಂದರೆ ಉಬ್ಬರ ಇಳಿತದ ಜೊತೆ ಕಲಸಿಹೋಗುತ್ತದೆ. ಸದ್ಯಕ್ಕೆ ‘ಹತ್ತುನೊರೆ, ಜಾರುನೀರು’ ಎಂದು ಇಟ್ಟುಕೊಂಡಿದ್ದೇನೆ. ಅಷ್ಟೇನೂ ಸಮಾಧಾನವಿಲ್ಲ.

ಕೇಳಬೇಕಾದದ್ದು ಇನ್ನೆರಡು. ಶಿರಸಿ, ಸಿದ್ದಾಪುರದ ಕಡೆ ಹೊಯ್ಗೆ ಎಂದರೆ ಸಾಕು. ಘಟ್ಟದ ಆಚೆ ಮೂಡಲವರಿಗೆ ಅದು ತಿಳಿಯುತ್ತದೋ, ‘ಮರಳು’ ಎಂದೇ ಬರೆಯಬೇಕೋ? ಮಂಗಳೂರು, ಉಡುಪಿ ಕಡೆ ನದಿಗೂ ಕಡಲಿಗೂ ನಡುವಿನ ಮರಳುಪಟ್ಟಿಗೆ ‘ಬೆಂಗ್ರೆ’ ಎನ್ನುತ್ತಾರೆ. ಹೊನ್ನಾವರ, ಕುಮಟಾ, ಅಂಕೋಲೆಯ ಮೀನುಗಾರರ ಮನೆಮಾತಿನಲ್ಲಿ ಅದಕ್ಕೆ ಬೇರೆ ಹೆಸರಿದ್ದರೆ ದಯವಿಟ್ಟು ಬರೆಯಿರಿ, ಊರಿನ ಹೆಸರಿನೊಂದಿಗೆ.