ಪಿಕ್ಸೆಲ್ ಆರ್ಟ್ ದೊಡ್ಡದು ಮಾಡಿದಾಗ ಮಸುಕಾಗದಂತೆ ಹೇಗೆ ನೋಡಿಕೊಳ್ಳುತ್ತೀರಿ?

ಗೇಮ್‌ಗೆ 16×16 ಪಿಕ್ಸೆಲ್ (ಚೌಕ ಚುಕ್ಕೆ) ಅಳತೆಯ ಪಾತ್ರ ಬರೆದಿದ್ದೇನೆ. ಎಡಿಟರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಗೇಮ್ ಒಳಗೆ ದೊಡ್ಡದು ಮಾಡಿದರೆ ಅಂಚೆಲ್ಲ ಮಸುಕು. ವಿಂಡೋ ಗಾತ್ರ ಬದಲಿಸಿದರೆ ಒಂದು ಕಣ್ಣು ಅಗಲ, ಇನ್ನೊಂದು ಸಣ್ಣ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

* * *

ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಮಸುಕು ಬರುವುದು ಫಿಲ್ಟರ್‌ನಿಂದ. ಚಿತ್ರ ಹಿಗ್ಗಿಸುವಾಗ ಅದು ಅಕ್ಕಪಕ್ಕದ ಬಣ್ಣಗಳನ್ನು ಬೆರೆಸುತ್ತದೆ. ಫೋಟೋಗೆ ಅದು ಸರಿ, ಪಿಕ್ಸೆಲ್ ಆರ್ಟ್‌ಗೆ ಬೇಡವೇ ಬೇಡ. ಫಿಲ್ಟರ್ ಅನ್ನು 'ನಿಯರೆಸ್ಟ್' ಮಾಡಿ, ಅಂದರೆ ಬಣ್ಣ ಬೆರೆಸದೆ ಹತ್ತಿರದ ಪಿಕ್ಸೆಲ್ ಬಣ್ಣವನ್ನೇ ಹಾಕುವ ಹಾಗೆ. ಗೇಮ್ ತಯಾರಿಸುವ ಸಾಫ್ಟ್‌ವೇರ್ ಗೋಡೋ 4ರಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಒಳಗೆ ಡೀಫಾಲ್ಟ್ ಟೆಕ್ಸ್ಚರ್ ಫಿಲ್ಟರ್ ಅಂತ ಇದೆ. ಅಂಥದ್ದೇ ಇನ್ನೊಂದು ಯೂನಿಟಿ, ಅದರಲ್ಲಿ ಫಿಲ್ಟರ್ ಮೋಡ್ ಅನ್ನು 'ಪಾಯಿಂಟ್' (ನಿಯರೆಸ್ಟ್‌ಗೆ ಅಲ್ಲಿನ ಹೆಸರು) ಮಾಡಿ, ಕಂಪ್ರೆಷನ್ ಕೂಡ ತೆಗೆಯಿರಿ. ತುಂಬಾ ಜನ ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುತ್ತಾರೆ, ಆಮೇಲೆ ಬಣ್ಣ ಕಲೆಕಲೆಯಾಗಿದೆ ಅಂತ ತಲೆ ಕೆರೆದುಕೊಳ್ಳುತ್ತಾರೆ. ಬ್ರೌಸರ್ ಗೇಮ್ ಆದರೆ ವೆಬ್ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಇಮೇಜ್-ರೆಂಡರಿಂಗ್ ಅನ್ನು 'ಪಿಕ್ಸಲೇಟೆಡ್' ಮಾಡಿದರೆ ಆಯಿತು.

ಕಣ್ಣಿನದು ಫಿಲ್ಟರ್ ತಪ್ಪಲ್ಲ, ಲೆಕ್ಕದ ತಪ್ಪು. 1.5 ಪಟ್ಟು ಹಿಗ್ಗಿಸಿದರೆ ಎರಡು ಪಿಕ್ಸೆಲ್ ಮೂರರ ಜಾಗ ತುಂಬಬೇಕು. ಪರದೆಯಲ್ಲಿ ಅರ್ಧ ಪಿಕ್ಸೆಲ್ ಇಲ್ಲವಲ್ಲ. ಒಂದಕ್ಕೆ ಎರಡು ಸಿಗುತ್ತದೆ, ಇನ್ನೊಂದಕ್ಕೆ ಒಂದೇ. ಹಾಗಾಗಿ 2, 3, 4 ಹೀಗೆ ಪೂರ್ಣ ಸಂಖ್ಯೆಯಲ್ಲೇ ಹಿಗ್ಗಿಸಿ.

* * *

ಮೇಲಿನವರು ಹೇಳಿದ್ದು ಸರಿ. ಆದರೆ ಪೂರ್ಣ ಸಂಖ್ಯೆ ಸಿಗಬೇಕಾದರೆ ಗೇಮ್ ಪರದೆಯ ಮೂಲ ಅಳತೆಯನ್ನು ಮೊದಲೇ ಯೋಚಿಸಿ ಇಡಬೇಕು. ನಾನು 320×180 ಇಟ್ಟುಕೊಳ್ಳುತ್ತೇನೆ. 4 ಪಟ್ಟು ಮಾಡಿದರೆ 1280×720, 6 ಪಟ್ಟಿಗೆ 1920×1080, 8 ಪಟ್ಟಿಗೆ 2560×1440, 12 ಪಟ್ಟಿಗೆ 3840×2160. ಎಲ್ಲವೂ ಸರಿಯಾಗಿ ಕೂರುತ್ತವೆ. ಜಾಗ ಸಾಲದಿದ್ದರೆ 640×360.

1366×768 ಲ್ಯಾಪ್‌ಟಾಪ್ ಪರದೆ ಮಾತ್ರ ಯಾವುದಕ್ಕೂ ಹೊಂದುವುದಿಲ್ಲ. ಅಲ್ಲಿ 4 ಪಟ್ಟಿಗೇ ನಿಲ್ಲಿಸಿ, ಸುತ್ತ ಕಪ್ಪು ಅಂಚು ಬಿಡಿ: ಎಡಬಲಕ್ಕೆ 43, ಮೇಲೆ ಕೆಳಗೆ 24 ಪಿಕ್ಸೆಲ್. ಪರದೆ ಪೂರ್ತಿ ತುಂಬಲೇಬೇಕು ಅನ್ನುವವರು ಇದ್ದಾರೆ. ನನಗಂತೂ ಸೊಟ್ಟ ಮುಖಕ್ಕಿಂತ ಕಪ್ಪು ಅಂಚೇ ವಾಸಿ.

* * *

ಒಂದು ಮಾತು ಸೇರಿಸುತ್ತೇನೆ. ಫೈಲ್‌ನಲ್ಲೇ ಚಿತ್ರ ದೊಡ್ಡದು ಮಾಡಿ ಇಡಬೇಡಿ. ನಾಯಕ 3 ಪಟ್ಟು, ಶತ್ರು 2 ಪಟ್ಟು ಅಂತಾಗಿ ಒಂದೇ ಪರದೆಯಲ್ಲಿ ಎರಡು ಸೈಜಿನ ಚೌಕ ಕಾಣುತ್ತದೆ. ಎಲ್ಲವನ್ನೂ ಮೇಲೆ ಹೇಳಿದ 320×180ರಂಥ ಚಿಕ್ಕ ಕ್ಯಾನ್ವಾಸ್ ಮೇಲೆ ಬರೆಸಿ, ಕೊನೆಗೆ ಒಟ್ಟಿಗೆ ಹಿಗ್ಗಿಸಿ. ತಿರುಗಿಸಿದ ಕತ್ತಿ ಕೂಡ ಆಗ ಅದೇ ಚೌಕಗಳಲ್ಲಿ ಬರುತ್ತದೆ. ಕ್ಯಾಮೆರಾ ಚಲಿಸುವಾಗ ಚಿತ್ರ ನಡುಗಿದರೆ ಕ್ಯಾಮೆರಾದ ಸ್ಥಾನವನ್ನು ಪೂರ್ಣ ಪಿಕ್ಸೆಲ್‌ಗೆ ರೌಂಡ್ ಮಾಡಿ ನೋಡಿ.

* * *

ಸ್ಕೇಲ್2ಎಕ್ಸ್, ಎಚ್‌ಕ್ಯೂ2ಎಕ್ಸ್, ಎಕ್ಸ್‌ಬಿಆರ್ ಎಂಬ ಹಿಗ್ಗಿಸುವ ವಿಧಾನಗಳನ್ನು ಬಳಸಬಹುದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಅಲ್ವಾ? ಇವು ಮೆಟ್ಟಿಲು ಮೆಟ್ಟಿಲಾದ ಅಂಚನ್ನು ಊಹಿಸಿ ನಯ ಮಾಡುತ್ತವೆ. ಎಮ್ಯುಲೇಟರ್‌ನಲ್ಲಿ (ಹಳೆಯ ಗೇಮ್ ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್) ಹಳೆಯ ಗೇಮ್ ಆಡುವವರಲ್ಲಿ ಕೆಲವರಿಗೆ ಇದು ಇಷ್ಟ. ಆದರೆ ಒಂದೇ ಚುಕ್ಕೆಯ ಕಣ್ಣಿಗೆ ಊಹೆ ಕೈಕೊಡುತ್ತದೆ. 16×16 ಚಿತ್ರವನ್ನು ನಿಜವಾಗಿಯೂ 32×32ಕ್ಕೆ ಮತ್ತೆ ಬರೆಯುವುದಿದ್ದರೆ ಸ್ಕೇಲ್2ಎಕ್ಸ್ ಕರಡಾಗಿ ಪರವಾಗಿಲ್ಲ. ಅದರ ಮೇಲೆ ಕೈಯಾರೆ ತಿದ್ದಲೇಬೇಕು.

ಹಾಂ, ಗೇಮ್‌ನ ಸ್ಕ್ರೀನ್‌ಶಾಟ್ ಹಾಕುವಾಗಲೂ ಪಿಎನ್‌ಜಿ ಮಾತ್ರ. ಜೆಪೆಗ್ ಆದರೆ ಅಂಚಿನ ಸುತ್ತ ಕೊಳೆ ಕೂತ ಹಾಗೆ ಕಾಣುತ್ತದೆ.