ಕಾಫಿ ಗೋದಾಮಿಗೆ ಬಾರ್‌ಕೋಡ್, ಸಾಫ್ಟ್‌ವೇರ್ ಹಾಕಿಸುವ ಮುನ್ನ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಚಿಕ್ಕಮಗಳೂರಿನಿಂದ

ನಮ್ಮದು ತಂದೆಯವರ ಕಾಲದಿಂದ ನಡೆದುಬಂದಿರುವ ಕಾಫಿಪುಡಿ ವ್ಯಾಪಾರ. ಮೂಡಿಗೆರೆ, ಆಲ್ದೂರು ಕಡೆಯ ಸುಮಾರು ನಲವತ್ತು ಸಣ್ಣ ಬೆಳೆಗಾರರಿಂದ ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು, ಒಳಸಿಪ್ಪೆಯೊಂದಿಗೆ ಒಣಗಿಸಿದ ಬೀಜ) ಮತ್ತು ಒಣ ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು) ಕೊಂಡು, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸ) ಮಾಡಿಸಿ, ನಾವೇ ಹುರಿದು, ಪುಡಿ ಮಾಡಿ, ಹಾಸನ, ಮಂಗಳೂರು, ಬೆಂಗಳೂರಿನ ಅಂಗಡಿಗಳಿಗೆ ಕಳುಹಿಸುತ್ತೇವೆ. ಈ ಏಪ್ರಿಲ್ ಕೊನೆಯಲ್ಲಿ ಗೋದಾಮು ಎಣಿಸಿದಾಗ ಪುಸ್ತಕದಲ್ಲಿದ್ದ ದಾಸ್ತಾನಿಗಿಂತ ಮಾಲು ಗಣನೀಯವಾಗಿ ಕಡಿಮೆ ಬಂತು. ಇನ್ನೊಂದೆಡೆ, ಹಳೆಯ ಪೊಟ್ಟಣಗಳು ಮೂಲೆಯಲ್ಲೇ ಉಳಿದು, ಅವಧಿ ಮುಗಿದು ವಾಪಸ್ ಬರುತ್ತಿವೆ. ಬಾರ್‌ಕೋಡ್, ಸ್ಕ್ಯಾನರ್, ಸಾಫ್ಟ್‌ವೇರ್ ಎಲ್ಲ ಸೇರಿ ಕೆಲವು ಲಕ್ಷದ ಅಂದಾಜು ಕೊಟ್ಟಿದ್ದಾರೆ. ಮಗ ಹಾಕಿಸೋಣ ಎನ್ನುತ್ತಾನೆ, ನನಗೆ ಧೈರ್ಯ ಬರುತ್ತಿಲ್ಲ. ಮಾಡಿಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ, ಹಾಸನದಿಂದ

ತಮ್ಮ ಸ್ಥಿತಿಯಲ್ಲಿ ನಾನೂ ಇದ್ದವನು. ಕಾಫಿ ಮತ್ತು ಮೆಣಸಿನ ಗೋದಾಮನ್ನು ಹದಿನೆಂಟು ವರ್ಷ ನೋಡಿಕೊಂಡಿದ್ದೇನೆ. ಒಂದು ವರ್ಷ ಇದೇ ರೀತಿ ತೂಕ ಕಡಿಮೆ ಬಂದಾಗ ನಾವು ಅನುಮಾನಪಟ್ಟದ್ದು ರಾತ್ರಿ ಕಾವಲಿಗಿದ್ದ ಹಿರಿಯರನ್ನು. ಅವರು ಮಾತಾಡದೆ ಕೆಲಸ ಬಿಟ್ಟು ಹೋದರು. ಕದ್ದವರು ಯಾರೂ ಇರಲಿಲ್ಲ ಎಂಬುದು ಮರುವರ್ಷ ತೇವಾಂಶ ಮಾಪಕ ತಂದ ಮೇಲೆ ತಿಳಿಯಿತು. ಆ ನೋವು ನನಗೆ ಇಂದಿಗೂ ಇದೆ. ಆದ್ದರಿಂದಲೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅರೇಬಿಕಾ ಪಾರ್ಚ್‌ಮೆಂಟ್ ಶೇ. 10ರ ತೇವಾಂಶಕ್ಕೆ ಒಣಗಿರಬೇಕು. ಕಣದಲ್ಲಿ ಇನ್ನೊಂದು ದಿನ ಬಿಸಿಲು ಬೇಕಿದ್ದ ಮಾಲನ್ನು ಅವಸರದಲ್ಲಿ ಶೇ. 12ಕ್ಕೇ ತುಂಬಿಸಿಕೊಂಡರೆ, ಸಾವಿರ ಕಿಲೋದಲ್ಲಿ ಒಣ ಪದಾರ್ಥ ಇರುವುದು 880 ಕಿಲೋ ಮಾತ್ರ. ಅದೇ ಮಾಲು ಬೇಸಿಗೆಯಲ್ಲಿ ಗೋದಾಮಿನೊಳಗೇ ಶೇ. 10ಕ್ಕೆ ಇಳಿದರೆ ತಕ್ಕಡಿ 978 ಕಿಲೋ ತೋರಿಸುತ್ತದೆ. ಚೀಲದ ಹೊಲಿಗೆ ಬಿಚ್ಚದೆಯೇ 22 ಕಿಲೋ ಹೋಯಿತು! ಮಳೆಗಾಲದಲ್ಲಿ ಇದು ತಿರುಗುಮುರುಗಾಗಿ, ಬೀಜ ತೇವ ಎಳೆದುಕೊಂಡು ತೂಕ ಏರುತ್ತದೆ.

ಇದರ ಮೇಲೆ ಸಂಸ್ಕರಣೆಯ ಇಳುವರಿ ಇದೆ. ಪಾರ್ಚ್‌ಮೆಂಟ್‌ನಿಂದ ಸುಮಾರು ಶೇ. 80, ಒಣ ಚೆರ್ರಿಯಿಂದ ಸುಮಾರು ಶೇ. 50ರಷ್ಟು ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಹಸಿ ಬೀಜ, ಬರುತ್ತದೆ. ಹುರಿದಾಗ ಮತ್ತೆ ಶೇ. 15ರಿಂದ 20 ಇಳಿಯುತ್ತದೆ, ಹದ ಕಪ್ಪಾದಷ್ಟೂ ಹೆಚ್ಚು. 50 ಕಿಲೋದ ಒಂದು ಚೀಲ ಚೆರ್ರಿ ಕೊನೆಗೆ ಪುಡಿಯಾಗಿ ಬರುವುದು 20, 21 ಕಿಲೋ. ಪ್ರತಿ ಹಂತದಲ್ಲೂ ತೂಗದೆ, ಎಲ್ಲ ಲಾಟಿಗೂ (ಒಮ್ಮೆಗೆ ಬಂದ ಒಂದು ಕಂತಿನ ಮಾಲು) ಒಂದೇ ಅಂದಾಜು ಹಿಡಿದು ಬರೆದರೆ, ಎಷ್ಟೇ ದುಬಾರಿ ಸಾಫ್ಟ್‌ವೇರ್ ಆಗಲಿ, ಆ ತಪ್ಪನ್ನೇ ಚೆನ್ನಾಗಿ ಮುದ್ರಿಸಿ ಕೊಡುತ್ತದೆ.

ಆದ್ದರಿಂದ ಮೊದಲು ಒಳ್ಳೆಯ ತೂಕದ ಯಂತ್ರ ಮತ್ತು ತೇವಾಂಶ ಮಾಪಕ ತನ್ನಿ. ಬಂದ ಪ್ರತಿ ಮಾಲಿಗೂ ಲಾಟ್ ಸಂಖ್ಯೆ ಕೊಟ್ಟು, ಬೆಳೆಗಾರರ ಹೆಸರು, ತೂಕ, ತೇವಾಂಶ, ದಿನಾಂಕವನ್ನು ಅವರ ಎದುರಿನಲ್ಲೇ ಬರೆದು ಸಹಿ ಪಡೆಯಿರಿ. ಮುಂದೆ ತಾವು ರಫ್ತಿನವರಿಗೆ ಕೊಡುವುದಾದರೂ ಈ ಲಾಟ್ ಲೆಕ್ಕ ಬೇಕಾಗುತ್ತದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡವೆಂದೂ, ಬೆಳೆದ ತೋಟ ಎಲ್ಲಿದೆಯೆಂದು ನಿಖರವಾಗಿ ತೋರಿಸಬೇಕೆಂದೂ ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿದೆ.

ಉತ್ತರ, ಚಿಕ್ಕಮಗಳೂರಿನಿಂದ, ಮನೆ ಉತ್ಪನ್ನಗಳ ಘಟಕ ನಡೆಸುವವರು

ಮೇಲಿನ ಹಿರಿಯರ ಮಾತನ್ನು ಒಪ್ಪುತ್ತೇನೆ. ನಾನು ಪೊಟ್ಟಣಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಅಲ್ಲಿ ನಾನು ಹಣ ಕಳೆದುಕೊಂಡಿದ್ದೇನೆ.

ಅಂಗಡಿಗಳಲ್ಲಿ ಸ್ಕ್ಯಾನ್ ಮಾಡುವ, ನಮ್ಮ ದೇಶದ ನೋಂದಣಿಯಾದರೆ 890ರಿಂದ ಆರಂಭವಾಗುವ ಹದಿಮೂರು ಅಂಕಿಯ ಬಾರ್‌ಕೋಡ್ ಇದೆಯಲ್ಲ, ಅದು "ಇದು ಇಂಥವರ 200 ಗ್ರಾಂ ಕಾಫಿಪುಡಿ" ಎಂದಷ್ಟೇ ಹೇಳುತ್ತದೆ. ಯಾವ ದಿನ ಹುರಿದದ್ದು, ಯಾವ ಲಾಟ್ ಎಂಬುದು ಅದರಲ್ಲಿ ಇರುವುದಿಲ್ಲ. ಇದು ಗೊತ್ತಿಲ್ಲದೆ ಅದನ್ನೇ ನಂಬಿ ಸ್ಕ್ಯಾನರ್ ಕೊಂಡೆ. ಹಳೆಯ ಪೊಟ್ಟಣ ಹಿಂದೆಯೇ ಉಳಿಯಿತು. ಈಗ ಪ್ರತಿ ಪೆಟ್ಟಿಗೆಗೆ ಲಾಟ್ ಮತ್ತು ಅವಧಿ ಮುಗಿಯುವ ದಿನಾಂಕವಿರುವ ಕ್ಯೂಆರ್ ಚೀಟಿ ಅಂಟಿಸುತ್ತೇವೆ, ಮೊದಲು ಅವಧಿ ಮುಗಿಯುವುದು ಮೊದಲು ಹೊರಡುತ್ತದೆ. ಕಪಾಟನ್ನು ಗೋಡೆಯಿಂದ ಸರಿಸಿ, ಹಿಂದಿನಿಂದ ತುಂಬಿ ಮುಂದಿನಿಂದ ತೆಗೆಯುವಂತೆ ಮಾಡಿದ್ದು ಸ್ಕ್ಯಾನರ್‌ಗಿಂತಲೂ ಹೆಚ್ಚು ಉಪಯೋಗಕ್ಕೆ ಬಂತು.

ಖಾಲಿ ಪೌಚ್ ತರಿಸುವ ಲೆಕ್ಕವನ್ನು ಮಾತ್ರ ಖಂಡಿತ ಯಂತ್ರಕ್ಕೆ ಬಿಡಿ. ನಮಗೆ ದಿನಕ್ಕೆ 60 ಪೌಚ್ ಬೇಕು, ಮಾಲು ಬರಲು 12 ದಿನ, ತಡವಾದರೆ 20 ದಿನ. 60 × 12 ಅಂದರೆ 720, ತಡವಾಗುವ ಎಂಟು ದಿನಕ್ಕೆ 480, ಒಟ್ಟು 1,200. ದಾಸ್ತಾನು ಆ ಮಟ್ಟಕ್ಕೆ ಇಳಿದೊಡನೆ ಫೋನಿಗೆ ಸಂದೇಶ ಬರುತ್ತದೆ. ದೀಪಾವಳಿಗೆ ಮುಂಚೆ ದಿನದ ಅಂಕಿಯನ್ನು ನಾನೇ ಏರಿಸುತ್ತೇನೆ.

ಉತ್ತರ, ಸಕಲೇಶಪುರದಿಂದ, ಸಾಗಣೆಯವರು

ಮಂಗಳೂರಿಗೆ ಕಳುಹಿಸುವುದರಿಂದ ಎರಡು ಮಾತು. 2018ರ ಆಗಸ್ಟಿನಲ್ಲಿ ಶಿರಾಡಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ರಸ್ತೆ ಕುಸಿದು ಸಂಚಾರ ನಿಂತದ್ದನ್ನು ಈ ಭಾಗದವರು ಮರೆತಿರಲಾರರು. ಮಳೆಗಾಲಕ್ಕೆ ಮೊದಲೇ ಹದಿನೈದು ದಿನದ ಹೆಚ್ಚುವರಿ ಮಾಲನ್ನು ಘಟ್ಟದ ಕೆಳಗೆ ಇಳಿಸಿಡಿ. ಐವತ್ತು ಸಾವಿರ ರೂಪಾಯಿ ಮೀರಿದ ಪುಡಿಯ ಲೋಡಿಗೆ ಮಾಡುವ ಇ-ವೇ ಬಿಲ್ಲಿಗೆ (ಸರಕು ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ಜಿಎಸ್‌ಟಿ ಪತ್ರ) 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ. ಲಾರಿ ಘಟ್ಟದಲ್ಲಿ ಸಿಕ್ಕಿಕೊಂಡರೆ, ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಬಹುದು. ಚಾಲಕನಿಗೆ ಇದು ಗೊತ್ತಿರಲಿ. ಸಾಫ್ಟ್‌ವೇರ್ ಕೊಳ್ಳುವಾಗ, ನೆಟ್‌ವರ್ಕ್ ಇಲ್ಲದಿದ್ದರೂ ಸ್ಕ್ಯಾನ್ ಆಗಿ, ಬಂದ ಮೇಲೆ ತಾನೇ ಸೇರಿಕೊಳ್ಳುತ್ತದೆಯೇ ಎಂದು ಕೇಳಿ, ಎದುರಿನಲ್ಲೇ ಮೊಬೈಲ್ ಡೇಟಾ ಆರಿಸಿ ಪರೀಕ್ಷಿಸಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಹಾಸನದವರ ಉತ್ತರ ಓದಿದ ದಿನವೇ ಪರಿಚಯದವರಿಂದ ತೇವಾಂಶ ಮಾಪಕ ತಂದು ಹತ್ತು ಚೀಲ ನೋಡಿದೆವು. ಆರು ಚೀಲಗಳ ತೂಕ ಕಡಿಮೆಯಾಗಿತ್ತು, ತೇವಾಂಶ ಶೇ. 10ರ ಆಸುಪಾಸಿನಲ್ಲೇ ಇತ್ತು. ಕೊಂಡಾಗ ಎಷ್ಟಿತ್ತೆಂದು ನಾವು ಬರೆದಿಟ್ಟಿಲ್ಲ. ನಾನೂ ಗೋದಾಮಿನ ಹುಡುಗರ ಮೇಲೆ ಅನುಮಾನಪಟ್ಟಿದ್ದೆ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಮಾಪಕ ಮತ್ತು ಲಾಟ್ ಪುಸ್ತಕವನ್ನು ಈಗಲೇ ಆರಂಭಿಸಿ, ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾದಾಗ ಮೊದಲ ಚೀಲದಿಂದಲೇ ಬರೆಯುತ್ತೇವೆ. ಸಾಫ್ಟ್‌ವೇರಿನವರಿಗೆ ಮಾರ್ಚ್‌ವರೆಗೆ ಕಾಯಲು ಹೇಳಿದ್ದೇನೆ, ಮಗನೂ ಒಪ್ಪಿದ್ದಾನೆ.