ಸಹಾಯ ಬೇಕು: ತೀರಿಕೊಂಡ ಅಣ್ಣನ ಯೂಟ್ಯೂಬ್ ಚಾನೆಲ್ ಯಾರಿಗೆ ಸೇರುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಯುಗಾದಿ ಕಳೆದ ಮೇಲೆ ಅಣ್ಣ ಹೃದಯಾಘಾತದಿಂದ ತೀರಿಕೊಂಡರು. ರೇಷ್ಮೆ ಸಾಕಣೆಯ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದರು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಬೆಳಕಿಗೆ ಹಿಡಿದು, ಚಂದ್ರಿಕೆಗೆ (ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ) ಬಿಡುವ ಹದವನ್ನು ಅವರು ತೋರಿಸುವ ವಿಡಿಯೊವನ್ನು ರೈತರು ಈಗಲೂ ನೋಡುತ್ತಿದ್ದಾರೆ. ಜಾಹೀರಾತಿನ ಹಣವೂ ಬರುತ್ತಿತ್ತು.

ವಿಲ್ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅತ್ತಿಗೆ, ಮಕ್ಕಳು, ನಮ್ಮ ತಾಯಿ ಸಮಾನ ಹಕ್ಕುದಾರರು. ಜಮೀನಿಗಾದರೆ ಮೃತರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸುವ ಪೌತಿ ಖಾತೆಯ ದಾರಿಯಿದೆ. ಚಾನೆಲ್‌ಗೆ ಏನು ಮಾಡಬೇಕು? ಗೂಗಲ್ ಯಾರಿಗೂ ಪಾಸ್‌ವರ್ಡ್ ಕೊಡುವುದಿಲ್ಲ, ಮರಣ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬೇಕು.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ ಸಿಗುವ ಉತ್ತರಾಧಿಕಾರ ಪ್ರಮಾಣಪತ್ರ ಮೃತರಿಗೆ ಬರಬೇಕಾದ ಬಾಕಿಗೆ ಅನ್ವಯಿಸುತ್ತದೆ. ಬಾಕಿ ಹಣದ ಜೊತೆ ಚಾನೆಲ್ಲನ್ನೂ ಅದರಲ್ಲಿ ಸೇರಿಸಬಹುದೆ? ಅಣ್ಣನ ಸಿಮ್ ರದ್ದಾಗದಿರಲೆಂದು ರೀಚಾರ್ಜ್ ಮಾಡಿಸುತ್ತಿದ್ದೇವೆ. ಅದಕ್ಕೆ ಬರುವ ಒಟಿಪಿ ಬಳಸಿ ಖಾತೆ ತೆರೆದರೆ ಮುಂದೆ ತೊಡಕಾಗುತ್ತದೆಯೆ? ಅತ್ತಿಗೆಗೆ ಹಣಕ್ಕಿಂತ ಆ ವಿಡಿಯೊಗಳು ಅಳಿಸಿಹೋಗುತ್ತವೆಂಬ ಭಯವೇ ಹೆಚ್ಚು.

ಚಿಕ್ಕಬಳ್ಳಾಪುರ ನ್ಯಾಯಾಲಯದಲ್ಲಿ ಇಂಥ ಪ್ರಕರಣ ನಡೆಸಿದ ವಕೀಲರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.